ಸೆಂಡಾಫ್ ಆಗದ ಬ್ಯಾಚು

ಯುವವಾಣಿ ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಐವತ್ತು ದಾಟಿದವರಿಗೂ ಎಸ್ಸೆಸ್ಸೆಲ್ಸಿ ಅಂಕ ಮರೆತಿರುವುದಿಲ್ಲ. ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂತಾಗಲೂ, 'ಗಣಿತ ಒಂದು ಕೈ ಕೊಡ್ತು ಕಣಯ್ಯ, ಇಲ್ಲಾಂದ್ರೆ ಫಸ್ಟ್ ಕ್ಲಾಸು' ಅನ್ನುವವರು ಸಿಗುತ್ತಾರೆ. ಆ ಥರ ಹೇಳಿಕೊಳ್ಳುವ ಯೋಗ ನಮಗಿಲ್ಲ. ನಾವು 2021ರಲ್ಲಿ ಹತ್ತನೇ ತರಗತಿ ಮುಗಿಸಿದವರು. ಅಂಕ ಹೇಳೋಕೆ ಬಾಯಿ ತೆಗೆದರೆ ಸಾಕು, 'ಓಹೋ, ಕೊರೊನಾ ಪಾಸಾ?' ಅಂತ ಎದುರಿನವರು ನಗುತ್ತಾರೆ.

ನಗಲಿ ಬಿಡಿ. ನಗುವಂಥ ವಿಷಯವೂ ಇದೆ. ಆ ವರ್ಷ ಪರೀಕ್ಷೆ ಬರೆದವರು 8.7 ಲಕ್ಷಕ್ಕೂ ಜಾಸ್ತಿ. ಇಡೀ ರಾಜ್ಯದಲ್ಲಿ ಫೇಲಾದವರು ಒಬ್ಬರೇ ಒಬ್ಬರು. ಆದರೆ ಹತ್ತು ವರ್ಷದ ಶಾಲೆ ಅಂದರೆ ಆ ಒಂದು ಫಲಿತಾಂಶ ಅಷ್ಟೇನಾ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅದರ ಬಗ್ಗೆ.

ನಾವು ಒಂದನೇ ತರಗತಿಗೆ ಸೇರಿದ್ದು 2011ರಲ್ಲಿ. ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆ. ಸರ್ಕಾರಿ ಶಾಲೆಗಳಲ್ಲಿ ಆಗಲೇ ನಲಿ-ಕಲಿ ಬಂದಿತ್ತು, ಅಂದರೆ ಆಟವಾಡಿಸುತ್ತಾ, ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಕಲಿಸುವ ಪದ್ಧತಿ. ಅಪ್ಪ-ಅಮ್ಮ 'ಅ ಆ ಇ ಈ' ಕಲಿತವರು. ನಾವು ಮನೆಗೆ ಬಂದು 'ರ ಗ ಸ ದ ಅ' ಅಂತ ಹೇಳತೊಡಗಿದಾಗ ಅಜ್ಜಿಗೆ ಗಾಬರಿ. ಮೇಷ್ಟ್ರೇ ಅಕ್ಷರ ಮರೆತಿದ್ದಾರೆ ಅಂತ ಶಾಲೆಗೆ ಹೋಗಿ ಕೇಳಿಯೇ ಬಿಟ್ಟಿತು. ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಕೂರುತ್ತಿದ್ದೆವು. 2013ರಲ್ಲಿ ಕ್ಷೀರಭಾಗ್ಯ ಬಂತು. ಹಾಲಿನ ಪುಡಿ ಕಲಸಿ ಕಾಯಿಸಿದ ಆ ಹಾಲಿನ ವಾಸನೆ ಕೆಲವರಿಗೆ ಆಗುತ್ತಿರಲಿಲ್ಲ. ಅವರ ಲೋಟ ನಮಗೆ.

ಎಂಟನೇ ತರಗತಿಗೆ ಹೋಬಳಿಯ ಹೈಸ್ಕೂಲು. ಅಲ್ಲಿ ಸೈಕಲ್ಲು ಸಿಕ್ಕಿತು. ಬಂದ ದಿನವೇ ಬೋಲ್ಟು ಸಡಿಲ. ಆದರೂ ಆ ಸೈಕಲ್ಲೇ ನಮ್ಮ ನಿಜವಾದ ಹೈಸ್ಕೂಲು ಅಂದರೆ ತಪ್ಪಾಗಲ್ಲ. ಮಾತು, ಜಗಳ, ರಾಜಿ ಎಲ್ಲ ಆಗುತ್ತಿದ್ದದ್ದು ದಾರಿಯಲ್ಲಿ. ಅದರಲ್ಲೂ ಹುಡುಗಿಯರು ನಾಲ್ಕು ಜನ ಸಾಲಾಗಿ ಸೈಕಲ್ ಹೊಡೆದುಕೊಂಡು ಹೋಗುವಾಗ ಹಿಂದಿನ ಟ್ರ್ಯಾಕ್ಟರಿನವನು ಎಷ್ಟು ಹಾರನ್ ಹೊಡೆದರೂ ದಾರಿ ಬಿಡುತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ಒಂಬತ್ತನೇ ತರಗತಿಯ ಪರೀಕ್ಷೆಗೆ ಓದುತ್ತಿದ್ದೆವು. ಲಾಕ್‌ಡೌನ್ ಆಯಿತು. ಪರೀಕ್ಷೆ ಇಲ್ಲದೆ ಹತ್ತಕ್ಕೆ ಬಂದುಬಿಟ್ಟೆವು. ಮೊದಲು ಕುಣಿದಾಡಿದೆವು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಚಂದನ ವಾಹಿನಿಯಲ್ಲಿ ಪಾಠ. ಪಾಠದ ಹೊತ್ತಿಗೇ ಕರೆಂಟು ಹೋಗುವುದು ನಮ್ಮೂರಿನ ನಿಯಮ. ಮೊಬೈಲು ಮನೆಗೊಂದು, ಅದನ್ನು ಅಪ್ಪ ತೋಟಕ್ಕೆ ಒಯ್ಯುತ್ತಿದ್ದರು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಕೊಟ್ಟರು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ಮೇಷ್ಟ್ರು ಬೈಕಿನ ಹಿಂದೆ ಸುತ್ತಿಟ್ಟ ಕಪ್ಪು ಹಲಗೆ ಕಟ್ಟಿಕೊಂಡು ನಮ್ಮ ಊರಿಗೇ ಬಂದರು. ದೇವಸ್ಥಾನದ ಜಗಲಿ ಮೇಲೆ ಸಮಾಜ ವಿಜ್ಞಾನ. ಪಕ್ಕದಲ್ಲೇ ನಾಲ್ಕು ಜನ ಅಜ್ಜಂದಿರು ಚೌಕಾಬಾರ ಆಡುತ್ತಿದ್ದರು. ಒಂದು ದಿನ ಮೇಷ್ಟ್ರು 'ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರು ಯಾರು?' ಅಂತ ಕೇಳಿದರು. ನಾವು ತಲೆ ತಗ್ಗಿಸಿದೆವು. ಒಬ್ಬ ಅಜ್ಜ ಕವಡೆ ಹಾಕುತ್ತಲೇ, 'ಜಯಚಾಮರಾಜ ಒಡೆಯರ್ರು' ಅಂದರು. ಅವತ್ತಿನಿಂದ ಮೇಷ್ಟ್ರು ಆ ಅಜ್ಜನ ಹೆಸರನ್ನೂ ಹಾಜರಿಯಲ್ಲಿ ಕೂಗುತ್ತಿದ್ದರು. ಅಕ್ಟೋಬರಿನಲ್ಲಿ ಸೋಂಕು ಹರಡುತ್ತದೆ ಅಂತ ಅದೂ ನಿಂತಿತು.

2021ರ ಜನವರಿ 1ಕ್ಕೆ ಹತ್ತನೇ ತರಗತಿಯವರಿಗೆ ಶಾಲೆ ಬಾಗಿಲು ತೆರೆಯಿತು. ಹೋದೆವು. ಎಲ್ಲರೂ ಬಂದಿರಲಿಲ್ಲ. ಒಬ್ಬ ಹುಡುಗ ಬೆಂಗಳೂರಿನ ಬೇಕರಿಗೆ ಸೇರಿದ್ದ. ಇನ್ನೊಬ್ಬ ಕಾಯಿ ಸುಲಿಯುವ ಗುಂಪಿನ ಜೊತೆ ಹೋಗಿದ್ದ. ಅವರಿಬ್ಬರನ್ನೂ ಮೇಷ್ಟ್ರು ಮನೆಗೇ ಹೋಗಿ ಎಳೆದು ತಂದರು. ನಮ್ಮ ಬೆಂಚಿನ ಒಬ್ಬಳು ಹುಡುಗಿ ಮಾತ್ರ ಬರಲಿಲ್ಲ. ಅವಳಿಗೆ ಮದುವೆ ಆಗಿತ್ತು. ಹದಿನೈದು ತುಂಬಿತ್ತು ಅಷ್ಟೇ. ಲಾಕ್‌ಡೌನಿನಲ್ಲಿ ಖರ್ಚು ಕಮ್ಮಿ, ಜನ ಕಮ್ಮಿ, ಕೇಳುವವರು ಅದಕ್ಕಿಂತ ಕಮ್ಮಿ. ಮಕ್ಕಳ ಸಹಾಯವಾಣಿ 1098 ನಂಬರನ್ನು ನಮ್ಮ ಶಾಲೆ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದರು. ಆ ಗೋಡೆ ನೋಡುವ ಮಕ್ಕಳು ಒಬ್ಬರೂ ಆಗ ಶಾಲೆಯಲ್ಲಿ ಇರಲಿಲ್ಲ. ನಮ್ಮನ್ನು 'ಕೊರೊನಾ ಪಾಸು' ಅಂತ ಆಡಿಕೊಳ್ಳುವವರು ಇದನ್ನು ಯಾವತ್ತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪರೀಕ್ಷೆ ಜೂನ್ 21ರಿಂದ ಅಂತ ಇತ್ತು. ಸೆಂಡಾಫ್ ಜೂನ್ ಮೊದಲ ವಾರ ಇಟ್ಟುಕೊಳ್ಳೋಣ ಅಂದುಕೊಂಡಿದ್ದೆವು. ಎರಡನೇ ಅಲೆ ಬಂತು, ಏಪ್ರಿಲ್ ಕೊನೆಗೆ ಮತ್ತೆ ಬೀಗ. ಕೊನೆಗೆ ಪರೀಕ್ಷೆ ನಡೆದದ್ದು ಜುಲೈ 19 ಮತ್ತು 22ರಂದು. ಎರಡೇ ದಿನ. ದಿನಕ್ಕೆ ಮೂರು ವಿಷಯ, ವಿಷಯಕ್ಕೆ ನಲವತ್ತು ಪ್ರಶ್ನೆ. ಸರಿ ಉತ್ತರದ ಮುಂದಿನ ಸುತ್ತನ್ನು ಪೆನ್ನಿನಿಂದ ಕಪ್ಪು ಮಾಡಬೇಕು. ಬೆಂಚಿಗೆ ಒಬ್ಬರು. ಮಾಸ್ಕ್ ಒಳಗೆ ಬೆವರು. ಗೇಟಿನಲ್ಲಿ ಹಣೆಗೆ ಹಿಡಿದ ಆ ಜ್ವರ ನೋಡುವ ಯಂತ್ರಕ್ಕೆ ಪ್ರಶ್ನೆ ಪತ್ರಿಕೆಗಿಂತ ಜಾಸ್ತಿ ಹೆದರಿದ್ದೆವು.

ಎರಡನೇ ದಿನ ಭಾಷೆಗಳು. ಕನ್ನಡದಲ್ಲಿ ಗಾದೆ ವಿಸ್ತರಿಸಿ ಬರೆಯುವುದನ್ನು ನಮಗೆ ಎಷ್ಟು ಉಜ್ಜಿಸಿದ್ದರು ಅಂದರೆ, 'ಗಾದೆಗಳು ವೇದಕ್ಕೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅನ್ನುವ ಸಾಲು ನಿದ್ದೆಯಲ್ಲೂ ಬರುತ್ತಿತ್ತು. ಪತ್ರ ಲೇಖನ, ಪ್ರಬಂಧ, ಪದ್ಯದ ಭಾವಾರ್ಥ ಎಲ್ಲ ತಯಾರಿತ್ತು. ಕೊನೆಗೆ ಏನಾಯಿತು ಗೊತ್ತಾ? ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಕನ್ನಡ ಪರೀಕ್ಷೆಯಲ್ಲಿ ಒಂದೇ ಒಂದು ಕನ್ನಡ ವಾಕ್ಯ ಬರೆಯದೆ ಎದ್ದು ಬಂದೆವು! ಪರೀಕ್ಷೆ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ವರ್ಷ ಪಿಯುಸಿಯವರಿಗೆ ಅಷ್ಟೂ ಇರಲಿಲ್ಲ. ಆದರೂ ಬರೆಯದೆ ಉಳಿದ ಆ ಗಾದೆ ಇನ್ನೂ ಹೊಟ್ಟೆಯಲ್ಲೇ ಇದೆ.

ಹೊರಗೆ ಬಂದಾಗ ಗುಂಪು ಸೇರಬೇಡಿ ಅಂತ ಪೊಲೀಸಪ್ಪ ಓಡಿಸಿದರು. ಬೈ ಅಂದವರು ಕೆಲವರು, ಹೇಳದೆ ಬಸ್ ಹತ್ತಿದವರು ಕೆಲವರು. ಅಲ್ಲಿಗೆ ಹೈಸ್ಕೂಲು ಮುಗಿಯಿತು. ಒಂಬತ್ತನೆಯವರು ಹಾಕುವ ಪಲಾವು-ಜಾಮೂನು ಇಲ್ಲ. ಬೆಂಚು ಜೋಡಿಸಿ ನಿಲ್ಲಿಸಿ ತೆಗೆಯುವ ಫೋಟೋ ಇಲ್ಲ. ಅಳುವ ಭಾಷಣ ಇಲ್ಲ, ಅದು ತಪ್ಪಿದ್ದು ಒಳ್ಳೆಯದೇ ಆಯಿತು ಅನ್ನಿ.

ಹೋದ ತಿಂಗಳು ಯಾವುದೋ ಸರ್ಟಿಫಿಕೇಟಿಗೆ ಅಂತ ಶಾಲೆಗೆ ಹೋಗಿದ್ದೆ. ಪ್ರತಿ ಬ್ಯಾಚೂ ಶಾಲೆಗೆ ಏನಾದರೂ ಕೊಟ್ಟು ಹೋಗುವುದು ರೂಢಿ. ಬೀರು, ಗಡಿಯಾರ, ನೀರಿನ ಸ್ಟೀಲ್ ಡ್ರಮ್ಮು. ಮೇಲೆ ಕೆಂಪು ಬಣ್ಣದಲ್ಲಿ '2018-19ನೇ ಸಾಲಿನ ವಿದ್ಯಾರ್ಥಿಗಳ ಕೊಡುಗೆ', ಆಮೇಲೆ '2019-20ನೇ ಸಾಲಿನ'. ಅದಾದ ಮೇಲೆ ಸೀದಾ '2021-22'. ನಮ್ಮ ಸಾಲೇ ಇಲ್ಲ! ಫೋಟೋ ತೆಗೆದು ಗುಂಪಿಗೆ ಹಾಕಿದೆ. ನಾಲ್ಕು ವರ್ಷದಿಂದ ಹಬ್ಬದ ಶುಭಾಶಯ ಬಿಟ್ಟರೆ ಸದ್ದಿಲ್ಲದ ವಾಟ್ಸಾಪ್ ಗುಂಪು ರಾತ್ರಿಯೆಲ್ಲ ಗಲಾಟೆ.

ಈಗ ಎಲ್ಲರೂ ತಲೆಗೆ ಐನೂರು ಹಾಕುವುದು ಅಂತ ಆಗಿದೆ. ಬೇಕರಿ ಹುಡುಗ ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ, ಸಾವಿರ ಕೊಡ್ತೀನಿ ಅಂದಿದ್ದಾನೆ. ಮದುವೆಯಾದ ಗೆಳತಿಯ ನಂಬರು ಅಂತೂ ಸಿಕ್ಕಿದೆ. 'ನಾನು ಪರೀಕ್ಷೆಯೇ ಬರೆದಿಲ್ಲ, ನಾನು ಹೇಗೆ ಬರಲಿ' ಅಂದಳು. 'ನಾವೂ ಬರೆದಿಲ್ಲ, ಬರೀ ಸುತ್ತು ತುಂಬಿಸಿದ್ದೇವೆ, ಸುಮ್ನೆ ಬಾ' ಅಂದೆವು. ಒಪ್ಪಿದ್ದಾಳೆ. ಏನು ಕೊಡುವುದು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಗಡಿಯಾರ ಆಗಲೇ ಮೂರು ಇವೆ. ನೀರಿನ ಫಿಲ್ಟರ್ ಅಂತ ಅರ್ಧ ಜನ, ಸೈಕಲ್ ಸ್ಟ್ಯಾಂಡಿಗೆ ಶೀಟು ಹಾಕಿಸೋಣ ಅಂತ ಇನ್ನರ್ಧ. ನಾನು ಶೀಟಿನ ಕಡೆ.

ನಮಸ್ಕಾರ.