ದೈತ್ಯನನ್ನು ಕಾಯುವ ಹೊತ್ತು

ಕೇಳುಗರಿಗೆ ನಮಸ್ಕಾರ. 2014ರ ಮೇ ತಿಂಗಳಲ್ಲಿ ಹಾಲಿವುಡ್‌ನ ‘ಗಾಡ್ಜಿಲ್ಲಾ’ ತೆರೆಕಂಡಾಗ ದೇಶ ದೇಶಗಳ ಪ್ರೇಕ್ಷಕರಿಂದ ಒಂದು ದೂರು ಮತ್ತೆ ಮತ್ತೆ ಕೇಳಿಬಂತು: ಗಾಡ್ಜಿಲ್ಲಾ ಸರಿಯಾಗಿ ಕಾಣಿಸಲೇ ಇಲ್ಲ! ಸುಮಾರು 16 ಕೋಟಿ ಡಾಲರ್ ವೆಚ್ಚದ, ಎರಡು ಗಂಟೆ ಮೀರಿದ ಚಿತ್ರದಲ್ಲಿ ಆ ದೈತ್ಯಪ್ರಾಣಿ ತೆರೆಯ ಮೇಲಿದ್ದದ್ದು ಹತ್ತು ನಿಮಿಷದ ಆಸುಪಾಸು.

ಹೊನೊಲುಲು ವಿಮಾನ ನಿಲ್ದಾಣದ ದೃಶ್ಯವನ್ನೇ ನೆನಪಿಸಿಕೊಳ್ಳಿ. ವಿಮಾನಗಳು ಒಂದರ ಹಿಂದೊಂದು ಸಿಡಿಯುತ್ತವೆ. ಬೃಹತ್ ಪಾದವೊಂದು ನೆಲಕ್ಕೆ ಊರುತ್ತದೆ. ಕ್ಯಾಮೆರಾ ಮೇಲೇರುತ್ತಾ ಏರುತ್ತಾ ಮುಖ ತಲುಪಿದ್ದೇ ತಡ, ಘರ್ಜನೆ ಮೊಳಗುತ್ತದೆ. ಮರುಕ್ಷಣ ನಾವು ಸ್ಯಾನ್ ಫ್ರಾನ್ಸಿಸ್ಕೋದ ಮನೆಯೊಂದರಲ್ಲಿದ್ದೇವೆ. ಪುಟ್ಟ ಹುಡುಗನೊಬ್ಬ ಇನ್ನೊಂದು ದೈತ್ಯಪ್ರಾಣಿಯ ಜೊತೆಗಿನ ಗಾಡ್ಜಿಲ್ಲಾನ ಕಾಳಗವನ್ನು ಟಿವಿಯಲ್ಲಿ ನೋಡುತ್ತಿದ್ದಾನೆ. ಬಡಿಸಿದ ಎಲೆಯನ್ನು ಮುಂದಿನಿಂದ ಎಳೆದುಕೊಂಡಂತೆ! ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್ ನಮ್ಮನ್ನು ಬೇಕೆಂದೇ ಕಾಯಿಸಿದರು. ನನಗೆ ಆ ಧೈರ್ಯ ಹಿಡಿಸುತ್ತದೆ. ಕೊನೆಗೆ ಧೂಳು ಕವಿದ ಕತ್ತಲಲ್ಲಿ ಗಾಡ್ಜಿಲ್ಲಾನ ಬಾಲದಿಂದ ಬೆನ್ನಿನುದ್ದಕ್ಕೂ ನೀಲಿ ಬೆಳಕು ಹತ್ತಿಕೊಳ್ಳುವಾಗ ಮೈ ಜುಮ್ಮೆನ್ನುವುದು ಅಷ್ಟು ಹೊತ್ತು ಕಾದಿದ್ದರಿಂದಲೇ.

ಹಾಗೆಂದು ಪ್ರೇಕ್ಷಕರ ಅಸಮಾಧಾನ ಹುಸಿಯಲ್ಲ. ಕಾಯುವ ಹೊತ್ತಿನಲ್ಲಿ ನಮಗೆ ಜೊತೆಯಾರು? ಅಣುಸ್ಥಾವರದ ದುರಂತದಲ್ಲಿ ಹೆಂಡತಿಯನ್ನು ಕಳೆದುಕೊಂಡ ಎಂಜಿನಿಯರ್ ಆಗಿ ಬ್ರಯಾನ್ ಕ್ರಾನ್‌ಸ್ಟನ್ ಮನಸ್ಸು ಕಲಕಿದ್ದರು. ಟ್ರೇಲರ್‌ಗಳಲ್ಲೂ ಅವರೇ ಎದ್ದು ಕಾಣುತ್ತಿದ್ದರು. ಆ ಪಾತ್ರ ಚಿತ್ರದ ಅರ್ಧಕ್ಕೂ ಮುನ್ನ ಸಾಯುತ್ತದೆ. ಆಮೇಲೆ ಕಥೆಯನ್ನು ಹೊರುವ ಸೈನಿಕ ಮಗನ ಬಗ್ಗೆ ಅಂಥ ಅಕ್ಕರೆ ಹುಟ್ಟುವುದೇ ಇಲ್ಲ.

1954ರ ಜಪಾನಿ ಮೂಲ ಚಿತ್ರದಲ್ಲೂ, ಅಣುಬಾಂಬಿನ ಭಯದಿಂದ ಹುಟ್ಟಿದ ಆ ದೈತ್ಯ ಕಾಣುವುದು ಕಡಿಮೆಯೇ. ಹಿರೋಶಿಮಾ ಸುಟ್ಟು ಆಗ ಒಂಬತ್ತೇ ವರ್ಷ. ಅದೇ ವರ್ಷದ ಮಾರ್ಚ್‌ನಲ್ಲಿ ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ 23 ಮಂದಿಯ ಮೇಲೆ ಬಿದ್ದಿತ್ತು. ಇಶಿರೋ ಹೋಂಡಾ ಅವರ ಆ ಚಿತ್ರದಲ್ಲಿ ಟೋಕಿಯೊ ಹೊತ್ತಿ ಉರಿಯುವಾಗ ತಾಯಿಯೊಬ್ಬಳು ಮಕ್ಕಳನ್ನು ಅವುಚಿಕೊಂಡು, ಇನ್ನೇನು ಅಪ್ಪನ ಬಳಿ ಹೋಗಿಬಿಡುತ್ತೇವೆ ಎಂದು ಸಂತೈಸುತ್ತಾಳೆ. ಕೆಲವೇ ಕ್ಷಣ ಬಂದುಹೋಗುವ ಅವಳಿಗೆ ಹೆಸರೂ ಇಲ್ಲ. ಆದರೂ ಅವಳಿಗಾಗಿ ಕರುಳು ಹಿಂಡುತ್ತದೆ, ದೈತ್ಯನ ಒಂದೊಂದು ಹೆಜ್ಜೆಗೂ ಎದೆ ನಡುಗುತ್ತದೆ.

ಹಾಲಿವುಡ್ ಮಾತ್ರ ದೂರಿನ ಅರ್ಧವನ್ನಷ್ಟೇ ಕೇಳಿಸಿಕೊಂಡಿತು. 2019ರ ಮುಂದಿನ ಭಾಗದಲ್ಲಿ ಮೋತ್ರಾ, ರೋಡಾನ್, ಮೂರು ತಲೆಯ ಗಿಡೋರಾ ಎಂಬ ಬೇರೆ ದೈತ್ಯಪ್ರಾಣಿಗಳೆಲ್ಲ ಬಂದವು, ಕಾಳಗಕ್ಕೆ ಬರವಿರಲಿಲ್ಲ. ಮನುಷ್ಯರು ಮತ್ತೆ ಸಪ್ಪೆಯಾಗಿಯೇ ಉಳಿದರು. 2014ರ ಚಿತ್ರದ ಗಳಿಕೆ ಜಗತ್ತಿನಾದ್ಯಂತ 52 ಕೋಟಿ ಡಾಲರ್ ದಾಟಿತ್ತು. 2019ರ ಚಿತ್ರದ್ದು 40 ಕೋಟಿಯನ್ನೂ ಮುಟ್ಟಲಿಲ್ಲ.