ಬ್ಯಾಡಗಿ: ಹೆಸರು ಊರಿನದು, ಬೀಜ ಯಾರದು?

ಎಲ್ಲರಿಗೂ ನಮಸ್ಕಾರ. ಇಂದು ಬುಧವಾರ, ನಾಳೆ ಪೇಟೆ. ಇಲ್ಲಿಗೆ ಬರುವಾಗ ಮೆಣಸಿನಕಾಯಿ ಮಾರುಕಟ್ಟೆಯ ದಾರಿಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಒಂದು ಲಾರಿಯ ಚೀಲಗಳ ಮೇಲೆ ಕಂಬಳಿ ಹೊದ್ದು ಮಲಗಿದ್ದ ರೈತರೊಬ್ಬರನ್ನು ಮಾತನಾಡಿಸಿದೆ. ಸಿರುಗುಪ್ಪದ ಕಡೆಯವರು. ‘ಯಾವ ಕಾಯಿ ತಂದಿದ್ದೀರಿ?’ ಎಂದು ಕೇಳಿದೆ. ‘ಬ್ಯಾಡಗಿ’ ಎಂದರು. ರಾತ್ರಿಯೆಲ್ಲ ಪ್ರಯಾಣ ಮಾಡಿ ಬ್ಯಾಡಗಿಗೆ ಬ್ಯಾಡಗಿಯನ್ನೇ ತಂದಿದ್ದರು!

ಊರಿನ ಭೂಗೋಳ, ಇತಿಹಾಸ, ಆರ್ಥಿಕತೆ ಎಂದು ಸಂಘಟಕರು ನನಗೆ ಮೂರು ವಿಷಯ ಕೊಟ್ಟಿದ್ದಾರೆ. ಆದರೆ ಆ ರೈತರ ಒಂದು ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ. ನಮ್ಮ ಊರಿನ ಹೆಸರು ಹೊತ್ತ ಕಾಯಿ ನಮ್ಮ ಊರಿನ ಹೊಲಗಳಲ್ಲಿ ಹುಡುಕಿದರೂ ಸಿಗದಂತಾಗಿದೆ. ಹೊಲಗಳಲ್ಲಿ ಗೋವಿನಜೋಳ ನಿಂತಿದೆ. ಹೆಸರು ಉಳಿದು ಬೀಜ ಹೋದರೆ ನಮಗೆ ಉಳಿಯುವುದು ತಕ್ಕಡಿ ಮಾತ್ರ.

ಭೂಗೋಳ ನಿಮಗೆ ಗೊತ್ತಿರುವುದೇ. ಪಡುವಣಕ್ಕೆ ಹಾನಗಲ್ಲಿನ ಮಲೆನಾಡ ಸೆರಗು, ಮೂಡಣಕ್ಕೆ ರಾಣೆಬೆನ್ನೂರಿನ ಬಯಲು, ನಡುವೆ ನಾವು. ಎರೆ ಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ನದಿಯ ದಂಡೆಯ ಊರಲ್ಲ, ಕೋಟೆಯ ಊರೂ ಅಲ್ಲ. ಹೆದ್ದಾರಿ ಕೂಡ ಮೋಟೆಬೆನ್ನೂರಿನಲ್ಲಿಯೇ ಹಾದುಹೋಗುತ್ತದೆ, ಊರೊಳಕ್ಕೆ ಬರುವುದಿಲ್ಲ. ಹೀಗಿದ್ದೂ ಇಷ್ಟು ದೊಡ್ಡ ಪೇಟೆ ಇಲ್ಲಿ ಕಟ್ಟಿತು. 19ನೆಯ ಶತಮಾನದ ಕೊನೆಯಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಾಸಿದ ರೈಲು ಹಳಿ ಇದಕ್ಕೆ ದೊಡ್ಡ ಆಸರೆಯಾಯಿತು. ಒಣಗಿದ ಕಾಯಿ ಹಗುರ, ಆದರೆ ಬಹಳ ಜಾಗ ತಿನ್ನುತ್ತದೆ. ಅದನ್ನು ದೂರಕ್ಕೆ ಸಾಗಿಸಲು ಚಕ್ಕಡಿ ಸಾಲದು.

ಇತಿಹಾಸದಲ್ಲಿ ನನಗೆ ಪ್ರಿಯವಾದ ಒಂದು ಸಂಗತಿ ಇದೆ. ನಮ್ಮ ತಾಲ್ಲೂಕಿನ ಕಾಗಿನೆಲೆಯ ಕನಕದಾಸರ ಕಾಲ 16ನೆಯ ಶತಮಾನ. ಅಮೆರಿಕ ಖಂಡದ ಮೆಣಸಿನಕಾಯಿ ಗಿಡವನ್ನು ಪೋರ್ಚುಗೀಸರು ಗೋವೆಯ ದಂಡೆಗೆ ಇಳಿಸಿದ್ದೂ ಆ ಶತಮಾನದಲ್ಲಿಯೇ. ಅದಕ್ಕೂ ಮೊದಲು ನಮ್ಮವರ ಅಡುಗೆಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು, ‘ಮೆಣಸಿನಕಾಯಿ’ ಎಂದು ಕರೆದು ಮನೆಯವನನ್ನಾಗಿ ಮಾಡಿಕೊಂಡೆವು. ಹೊರಗಿನಿಂದ ಬಂದ ಬೀಜವನ್ನು ನಮ್ಮ ರೈತರು ವರ್ಷ ವರ್ಷವೂ ಆರಿಸಿ, ಒಳ್ಳೆಯ ಕಾಯಿಯ ಬೀಜವನ್ನೇ ಬಿತ್ತನೆಗೆ ಎತ್ತಿಟ್ಟು, ಡಬ್ಬಿ ಮತ್ತು ಕಡ್ಡಿ ಎಂಬ ಎರಡು ತಳಿಗಳನ್ನು ರೂಪಿಸಿದರು. ಯಾವ ಪ್ರಯೋಗಾಲಯವೂ ಇರಲಿಲ್ಲ. ಅಟ್ಟದ ಮೇಲಿನ ಗಡಿಗೆಯೇ ಪ್ರಯೋಗಾಲಯ.

ಇಲ್ಲಿ ಒಂದು ಕಥೆ ಹೇಳಲೇಬೇಕು. ನಮ್ಮ ಓಣಿಯ ಒಂದು ಮನೆಗೆ ಕರಾವಳಿಯ ಕಡೆಯಿಂದ ಹೆಣ್ಣು ನೋಡಲು ಬಂದರು. ಬಂದದ್ದು ಫೆಬ್ರವರಿ ತಿಂಗಳ ಸೋಮವಾರ, ಪೇಟೆಯ ದಿನ. ಬಸ್ಸಿನಿಂದ ಇಳಿದದ್ದೇ ತಡ, ವರ ಸೀನಿದ. ಅವನ ತಂದೆ ಸೀನಿದರು. ಚಾಪೆಯ ಮೇಲೆ ಕುಳಿತು ‘ಹುಡುಗಿಯ ಹೆಸರೇ...’ ಎಂದು ಬಾಯಿ ತೆರೆದ ಸೋದರಮಾವನೂ ಸೀನಿದರು. ಉಪ್ಪಿಟ್ಟು ಬಂತು, ಚಹಾ ಬಂತು, ಹುಡುಗಿ ಬಂದು ನಮಸ್ಕರಿಸಿ ಒಳಗೆ ಹೋದಳು. ಅವರಿಂದ ಒಂದು ಪ್ರಶ್ನೆಯೂ ಪೂರ್ತಿಯಾಗಲಿಲ್ಲ. ಕೊನೆಗೆ ವರನ ಅಜ್ಜಿ ‘ಸೀನು ಅಪಶಕುನ, ಏಳಿ’ ಎಂದು ಹೊರಟು ನಿಂತರು. ಆಗ ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು ಬಾಗಿಲಿಗೆ ಅಡ್ಡ ನಿಂತು, ‘ಒಂಟಿ ಸೀನಾದರೆ ಅಪಶಕುನ. ನೀವು ಬಂದಾಗಿನಿಂದ ನಲವತ್ತು ಎಣಿಸಿದ್ದೇನೆ. ಇಷ್ಟು ಒಳ್ಳೆಯ ಶಕುನ ಈ ಊರಿನ ಯಾವ ಮದುವೆಗೂ ಆಗಿಲ್ಲ’ ಎಂದರು. ಮದುವೆ ಆಯಿತು. ಆ ದಂಪತಿ ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಜಾತ್ರೆಗೆ ಬರುತ್ತಾರೆ.

ಆ ಕರಾವಳಿಯವರ ಗಸಿಗೆ, ಬೆಂಗಳೂರಿನವರ ಸಾರಿನ ಪುಡಿಗೆ ಕೆಂಪು ಕೊಡುವುದು ನಮ್ಮ ಕಾಯಿ. ಗುಂಟೂರಿನ ಕಾಯಿಗೆ ಖಾರದ ಬೆಲೆ, ಬ್ಯಾಡಗಿ ಕಾಯಿಗೆ ಬಣ್ಣದ ಬೆಲೆ. ಅದರ ಸುಕ್ಕಿದ ಸಿಪ್ಪೆಯಿಂದ ತೆಗೆಯುವ ಓಲಿಯೊರೆಸಿನ್ ಎಂಬ ಗಟ್ಟಿ ರಸವು ಆಹಾರದ ಬಣ್ಣಕ್ಕೂ ತುಟಿಯ ಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಸಿಹಿ ಹಂಚಿದೆವು. ಆದರೆ ಆ ಮಾನ್ಯತೆ ಹೆಸರನ್ನು ಕಾಯುತ್ತದೆ. ಬೀಜವನ್ನು ಕಾಯಬೇಕಾದವರು ನಾವು.

ಡಬ್ಬಿ ಏಕೆ ಕಡಿಮೆಯಾಯಿತು? ಮಳೆಯನ್ನೇ ನಂಬಿದ ಬೆಳೆ ಅದು. ಕುಂದಗೋಳ, ಅಣ್ಣಿಗೇರಿ, ಶಿಗ್ಗಾವಿಯ ಎರೆ ಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಹಾಕುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಎಲೆ ಮುಟುರು ರೋಗ ಬಂತು, ಮಳೆಯ ಲೆಕ್ಕ ತಪ್ಪಿತು. ಅತ್ತ ತುಂಗಭದ್ರಾ ಕಾಲುವೆಯ ನೀರಿನಲ್ಲಿ ಹೈಬ್ರಿಡ್ ತಳಿಗಳು ಎಕರೆಗೆ ಹಲವು ಪಟ್ಟು ಇಳುವರಿ ಕೊಟ್ಟವು. ಬಳ್ಳಾರಿ, ರಾಯಚೂರಿನ ರೈತರು ಹೈಬ್ರಿಡ್ ಬೆಳೆದದ್ದು ತಪ್ಪಲ್ಲ. ಅವರ ಚೀಲಗಳೇ ಇಂದು ನಮ್ಮ ಪೇಟೆಯನ್ನು ತುಂಬಿಸುತ್ತಿವೆ. ಆದರೆ ಹೈಬ್ರಿಡ್ ಬೀಜವನ್ನು ಗಡಿಗೆಯಲ್ಲಿ ಎತ್ತಿಡಲು ಬರುವುದಿಲ್ಲ, ಪ್ರತಿ ವರ್ಷ ಪೊಟ್ಟಣ ಕೊಳ್ಳಬೇಕು. ಮತ್ತೆ ಬೀಜಕ್ಕೇ ಬಂದೆ, ಕ್ಷಮಿಸಿ, ಎಲ್ಲಿಂದ ಹೊರಟರೂ ಅಲ್ಲಿಗೇ ಬರುತ್ತೇನೆ.

ಪೇಟೆಯ ಮಾತಿಗೆ ಬರುತ್ತೇನೆ. ಬೆಳಿಗ್ಗೆ ದಲಾಲರ ಅಂಗಡಿಗಳ ಮುಂದೆ ಲಾಟುಗಳು, ಕಾಯಿಯನ್ನು ಹಿಡಿಯಲ್ಲಿ ಅಮುಕಿ ತೇವ ನೋಡುವ ಖರೀದಿದಾರರು, ಟೆಂಡರು, ತೂಕ. ಡಬ್ಬಿ ಕ್ವಿಂಟಲ್‌ಗೆ 50 ಸಾವಿರ ರೂಪಾಯಿ ದಾಟಿದ ವರ್ಷವನ್ನೂ ಕಂಡಿದ್ದೇವೆ. 2024ರ ಮಾರ್ಚ್ 11ರಂದು ದರ ಕುಸಿದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ವಾಹನಗಳಿಗೆ ಬೆಂಕಿ ಇಟ್ಟಿದ್ದನ್ನೂ ಕಂಡಿದ್ದೇವೆ. ಆ ಹೊಗೆ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಬೆಂಕಿ ಇಟ್ಟದ್ದನ್ನು ಸರಿ ಎನ್ನಲಾರೆ. ಆದರೆ ಸಾಲ ತಂದು ಬೆಳೆದು, ಬಾಡಿಗೆ ಕೊಟ್ಟು ತಂದ ಚೀಲದ ದರ ಒಂದೇ ಹೊತ್ತಿನಲ್ಲಿ ಕುಸಿದರೆ ಹೊಟ್ಟೆಯಲ್ಲಿ ಏಳುವ ಉರಿ ನನಗೆ ಗೊತ್ತು.

ನನ್ನ ಅವ್ವ ಇದೇ ಊರಿನ ಗೋದಾಮುಗಳಲ್ಲಿ ತುಂಬು ಬಿಡಿಸುತ್ತಿದ್ದಳು. ಕಿಲೋ ಲೆಕ್ಕದ ಕೂಲಿ. ಇಡೀ ದಿನ ರಾಶಿಯ ಮುಂದೆ ಕುಳಿತು ಒಂದೊಂದೇ ಕಾಯಿಯ ತೊಟ್ಟು ಮುರಿಯುವುದು. ಹೆಬ್ಬೆರಳಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಸಂಜೆ ಬಂದು ಎಣ್ಣೆ ಹಚ್ಚಿ ತೊಳೆದರೂ ಉರಿ ಹೋಗುತ್ತಿರಲಿಲ್ಲ. ಅಂಗೈಯಿಂದ ಅವಳು ನಮ್ಮ ಮುಖ ಮುಟ್ಟಿದ್ದೇ ಇಲ್ಲ. ಮುಂಗೈಯಿಂದ ಕೆನ್ನೆ ಸವರುತ್ತಿದ್ದಳು. ಈ ಪೇಟೆಯ ವಹಿವಾಟು ಎಷ್ಟು ಕೋಟಿ ಎಂದು ಎಲ್ಲರೂ ಹೇಳುತ್ತಾರೆ. ಆ ಕೋಟಿಗಳೆಲ್ಲ ಇಂಥ ಸಾವಿರಾರು ಹೆಣ್ಣುಮಕ್ಕಳ ಬೆರಳುಗಳ ಮೂಲಕವೇ ಹಾದುಹೋಗಿವೆ.

ಚೀಟಿ ಬಂದಿದೆ, ಐದು ನಿಮಿಷ ಉಳಿದಿದೆಯಂತೆ. ಗಾಂಧೀಜಿಯವರೊಡನೆ 1930ರಲ್ಲಿ ದಂಡಿಗೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದಿದ್ದೆ. ಶೀತಲ ಗೃಹಗಳ ವಿಷಯ, ಮುಖ್ಯ ರಸ್ತೆಯ ವಿಷಯ ಎರಡೂ ಉಳಿದವು. ಇನ್ನೊಮ್ಮೆ ಕರೆಯಿರಿ, ಬರುತ್ತೇನೆ.

ಈ ಬಟ್ಟೆಯ ಗಂಟಿನಲ್ಲಿ ಡಬ್ಬಿಯ ಬೀಜ ಇದೆ. ಕುಂದಗೋಳದ ಹಿರಿಯ ರೈತರೊಬ್ಬರು ಕೊಟ್ಟದ್ದು, ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಇದೆಯಂತೆ. ಹಿತ್ತಿಲಿನಲ್ಲಿ ನಾಲ್ಕು ಮಾರು ಜಾಗ ಇರುವವರು ಒಂದೊಂದು ಚಿಟಿಕೆ ತೆಗೆದುಕೊಳ್ಳಿ. ಮುಂದಿನ ವರ್ಷ ಇದೇ ಸಭೆಗೆ ಎರಡು ಚಿಟಿಕೆ ತನ್ನಿ. ಹಿಂದಿನ ಸಾಲಿನ ಅಕ್ಕಂದಿರು ಮೊದಲು ಬನ್ನಿ. ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ.