ನೆಲ ನಿಜಕ್ಕೂ ಡೊಂಕಿದ್ದಾಗ: ಎತ್ತರದವರಿಗೆ ಎಂಥ ಸ್ಟಾಕ್?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರೆಲ್ಲ ರೇಂಜ್‌ನಲ್ಲಿ ಬೆವರು ಸುರಿಸಿದವರೇ. ಹಾಗಾಗಿ ಟ್ರಿಗರ್ ಎಂದರೇನು, ಬೋಲ್ಟ್ ಎಂದರೇನು ಅಂತ ಅ ಆ ಇ ಈಯಿಂದ ಶುರು ಮಾಡುವುದಿಲ್ಲ. ನನಗೆ ಕೊಟ್ಟಿರುವುದು ಅರ್ಧ ಗಂಟೆ, ವಿಷಯ ಒಂದೇ: ರೈಫಲ್‌ನ ಸ್ಟಾಕ್, ಅಂದರೆ ಭುಜಕ್ಕೆ ಒತ್ತಿ ಕೆನ್ನೆ ಇಡುವ ಹಿಂಭಾಗ. ಎತ್ತರದವರಿಗೆ ಅಳತೆ ಹೊಂದಿಸಬಹುದಾದ ಅಡ್ಜಸ್ಟಬಲ್ ಬೇಕಾ, ಹೊಂದಿಸಲಾಗದ ಫಿಕ್ಸೆಡ್ ಸಾಕಾ?

ಹೋದ ಸಲ ನಾನು ಇಲ್ಲಿ ಮಾತಾಡಿ ಹೊರಡುವಾಗ ಒಬ್ಬ ಹುಡುಗಿ ಓಡಿ ಬಂದಳು. ನನ್ನ ಭುಜಕ್ಕಿಂತ ಎತ್ತರ ಇದ್ದಳು. "ಸಾರ್, ನನ್ನಂಥವರು ಅಡ್ಜಸ್ಟಬಲ್ ಸ್ಟಾಕ್ ತಗೋಬೇಕಾ, ಫಿಕ್ಸೆಡ್ ಸಾಕಾ?" ಅಂತ ಕೇಳಿದಳು. ನಾನು ಗಡಿಬಿಡಿಯಲ್ಲಿ "ಅಡ್ಜಸ್ಟಬಲ್ ತಗೋಮ್ಮ" ಅಂದುಬಿಟ್ಟೆ. ಅದು ಅರ್ಧ ಉತ್ತರ. ಅವಳು ಇವತ್ತು ಮೂರನೇ ಸಾಲಿನಲ್ಲಿದ್ದಾಳೆ, ನೋಡಿದೆ. ಉಳಿದರ್ಧ ಹೇಳಬೇಕೆಂದೇ ಬಂದಿದ್ದೇನೆ.

ಮೊದಲು ನನ್ನದೊಂದು ಕಥೆ. ಕೆಲವರು ಕೇಳಿದ್ದೀರಿ, ಇನ್ನೊಮ್ಮೆ ಕೇಳಿ.

ನಾನು ಆರಡಿ ಮೂರಿಂಚು. ಕಲಿತದ್ದು ಕ್ಲಬ್‌ನ ಪಾಯಿಂಟ್ ಟೂಟೂ (.22 ಬೋರ್) ರೈಫಲ್‌ನಲ್ಲಿ. ಮರದ ಸ್ಟಾಕ್, ಹಿಂದೆ ಎರಡು ಸ್ಕ್ರೂ ಹಾಕಿ ಕೂರಿಸಿದ ರಬ್ಬರ್ ಬಟ್ ಪ್ಲೇಟ್, ಅಂದರೆ ಭುಜಕ್ಕೆ ತಾಗುವ ತಟ್ಟೆ. ಹಿಂದೆ ಮುಂದೆ ಸರಿಸುವ ಭಾಗ ಒಂದೂ ಇಲ್ಲ. ಎಂಟು ಜನ ಅದನ್ನೇ ಸರದಿಯಲ್ಲಿ ಹಿಡಿಯುತ್ತಿದ್ದೆವು. ಪ್ರೋನ್‌ನಲ್ಲಿ, ಅಂದರೆ ಬೋರಲು ಮಲಗಿ, 60 ಸುತ್ತು. ಮೊದಲ 20 ಚೆನ್ನಾಗಿ ಹೋಗುತ್ತಿತ್ತು. 30 ದಾಟಿತೋ, ಒಂದು ಮೇಲೆ, ಒಂದು ಕೆಳಗೆ. ರಾತ್ರಿ ಮಲಗಿದರೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ದಿಂಬು ಬದಲಾಯಿಸಿದೆ. ವ್ಯಾಯಾಮ ಮಾಡಿದೆ. ಕಲಿಸುವವರ ಹತ್ತಿರ "ರೈಫಲ್ ನನಗೆ ಸರಿಹೋಗ್ತಿಲ್ಲ" ಅಂದರೆ ಒಂದೇ ಗಾದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ಕೇಳಿದ ಮೇಲೆ ಯಾರು ತಾನೇ ಬಾಯಿ ಬಿಡುತ್ತಾರೆ? ಎಂಟು ತಿಂಗಳು ಸುಮ್ನೆ ಹೊಡೆದೆ.

ಒಂದು ದಿನ ಬೇರೆ ಕಡೆಯ ಹಿರಿಯರೊಬ್ಬರು ಬಂದಿದ್ದರು. ಎಲ್ಲರೂ ಟೆಲಿಸ್ಕೋಪಿನಲ್ಲಿ ನನ್ನ ಟಾರ್ಗೆಟ್ ನೋಡುತ್ತಿದ್ದರೆ ಅವರು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಕೆನ್ನೆ ನೋಡುತ್ತಿದ್ದರು. "ಬೋಲ್ಟ್ ತೆಗಿ, ಖಾಲಿ ಮಾಡು" ಅಂದರು. ಮಾಡಿದೆ. "ಕಣ್ಣು ಮುಚ್ಚು. ರೈಫಲ್ ಭುಜಕ್ಕೆ ತಗೋ. ತಲೆ ಆರಾಮಾಗಿ ಮರದ ಮೇಲೆ ಬಿಡು, ದಿಂಬಿನ ಮೇಲೆ ಬಿಟ್ಟ ಹಾಗೆ. ಈಗ ಕಣ್ಣು ತೆಗಿ. ಏನು ಕಾಣ್ತಿದೆ?"

ಗುರಿ ನೋಡುವ ಹಿಂದಿನ ಸೈಟ್‌ನ ತೂತು ಕಾಣಲೇ ಇಲ್ಲ. ತೂತಿನ ಕೆಳಗಿರುವ ಕಪ್ಪು ಲೋಹ ಕಂಡಿತು.

ಅಂದರೆ ಅಷ್ಟು ದಿನವೂ ನನ್ನ ಕೆನ್ನೆ ಮರದ ಮೇಲೆ ಕೂತೇ ಇರಲಿಲ್ಲ. ತೂತಿನೊಳಗಿಂದ ನೋಡಲಿಕ್ಕಾಗಿ ತಲೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದೆ. ಹಿಡಿದದ್ದು ಕುತ್ತಿಗೆಯ ಸ್ನಾಯು. ತಲೆಯ ತೂಕ ಸುಮಾರು ಐದು ಕಿಲೋ. 30 ಸುತ್ತಿನ ತನಕ ಅದು ತಡೆದದ್ದೇ ದೊಡ್ಡದು, ಅಲ್ವಾ?

ಅವರು ನನ್ನ ಟವೆಲ್ ತೆಗೆದುಕೊಂಡರು. ಎರಡು ಮಡಿಕೆ ಮಾಡಿ ಮರದ ಮೇಲಿಟ್ಟು ಟೇಪ್ ಸುತ್ತಿದರು. ಸಾಲದು. ನಾಲ್ಕು ಮಡಿಕೆ. ಕಣ್ಣು ತೆಗೆದರೆ ತೂತಿನ ನಟ್ಟ ನಡುವೆ ಮುಂದಿನ ಸೈಟ್ ಇತ್ತು. ಆಮೇಲೆ ಕಸದ ಬುಟ್ಟಿಯಿಂದ ಹೊಡೆದು ಬಿಸಾಕಿದ ಟಾರ್ಗೆಟ್ ಕಾರ್ಡುಗಳನ್ನು ಎತ್ತಿ, ಜೋಡಿಸಿ, ಬಟ್ ಪ್ಲೇಟಿಗೆ ಬಿಗಿದು ಕಟ್ಟಿದರು. ಇನ್ನಷ್ಟು, ಇನ್ನಷ್ಟು ಅಂತ ಸೇರಿಸಿದರು. ಕೊನೆಗೆ ಸ್ಕೇಲ್ ಇಟ್ಟು ಅಳೆದರು. ಕಾರ್ಡಿನ ದಪ್ಪ 28 ಮಿಲಿಮೀಟರ್, ಒತ್ತಿದ ಟವೆಲ್ 19. ಒಂದು ಕಾರ್ಡಿನ ಹಿಂಭಾಗದಲ್ಲಿ ಪೆನ್ಸಿಲ್‌ನಲ್ಲಿ ಎರಡೂ ಅಂಕಿ ಬರೆದು ನನ್ನ ಜೇಬಿಗೆ ಹಾಕಿದರು. ಇಗೋ, ಆ ಕಾರ್ಡು. ಒಂಬತ್ತರ ಗೆರೆ ಮೇಲೆ ಎರಡು ತೂತು ಇದೆ, ಅವು ನನ್ನವೇ.

ಆ ದಿನ 60 ಸುತ್ತೂ ಒಂದೇ ಕಡೆ ಹೋಯಿತು ಅಂತ ಹೇಳುವುದಿಲ್ಲ. ಆದರೆ ಆ ರಾತ್ರಿ ಕುತ್ತಿಗೆ ನೋಯಲಿಲ್ಲ. ನೆಲ ನಿಜಕ್ಕೂ ಡೊಂಕಿತ್ತು.

ಈಗ ವಿಷಯಕ್ಕೆ ಬರೋಣ. ಟ್ರಿಗರ್‌ನಿಂದ ಬಟ್ ಪ್ಲೇಟ್‌ನ ನಡುವಿನ ತನಕ ಇರುವ ದೂರಕ್ಕೆ ಲೆಂತ್ ಆಫ್ ಪುಲ್ ಅನ್ನುತ್ತೇವೆ. ಫ್ಯಾಕ್ಟರಿಯಿಂದ ಬರುವ ಎಷ್ಟೋ ಫಿಕ್ಸೆಡ್ ಸ್ಟಾಕುಗಳಲ್ಲಿ ಇದು ಸುಮಾರು ಹದಿಮೂರೂವರೆ ಇಂಚು, ಅಂದರೆ 34 ಸೆಂಟಿಮೀಟರ್ ಚಿಲ್ಲರೆ. ಅದು ಮಧ್ಯಮ ಎತ್ತರದವರಿಗೆ ಹೊಂದುವ ಅಳತೆ. ಎತ್ತರದವರು ಬಂದ ಕೂಡಲೇ ಎಲ್ಲರೂ ಹೇಳುವುದು, "ಉದ್ದ ಮಾಡಿಸು." ಸರಿ, ಉದ್ದ ಬೇಕು. ಆದರೆ ಎತ್ತರ ಎನ್ನುವುದು ಸ್ಟಾಕಿನ ಅಳತೆಯೇ ಅಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಇಬ್ಬರು ಆರಡಿ ಮೂರಿಂಚಿನವರನ್ನು ಪಕ್ಕಪಕ್ಕ ನಿಲ್ಲಿಸಿ. ಒಬ್ಬರಿಗೆ ಕಾಲು ಉದ್ದ, ತೋಳು ಸಾಧಾರಣ. ಅವರಿಗೆ ಫ್ಯಾಕ್ಟರಿ ಸ್ಟಾಕೇ ಸರಿಹೋಗಬಹುದು. ಇನ್ನೊಬ್ಬರಿಗೆ ಎತ್ತರವೆಲ್ಲ ತೋಳಿನಲ್ಲಿ, ಕುತ್ತಿಗೆಯಲ್ಲಿ, ಮುಖದಲ್ಲಿ. ಅವರಿಗೆ ಬರೀ ಉದ್ದ ಮಾಡಿ ಕೊಟ್ಟರೆ ಮೂರರಲ್ಲಿ ಒಂದು ತೊಂದರೆ ಮಾತ್ರ ಹೋಯಿತು.

ತೋಳು ಉದ್ದ ಇದ್ದರೆ ಲೆಂತ್ ಆಫ್ ಪುಲ್ ಜಾಸ್ತಿ ಬೇಕು. ಮುಖ ಉದ್ದ ಇದ್ದರೆ, ಅಂದರೆ ಕಣ್ಣಿಗೂ ಕೆನ್ನೆಯ ಮೂಳೆಗೂ ದೂರ ಜಾಸ್ತಿ ಇದ್ದರೆ, ಚೀಕ್ ಪೀಸ್, ಅಂದರೆ ಕೆನ್ನೆ ಇಡುವ ಭಾಗ, ಮೇಲೇರಬೇಕು. ಕುತ್ತಿಗೆ ಉದ್ದ ಇದ್ದರೆ ಬಟ್ ಪ್ಲೇಟ್ ಕೆಳಗಿಳಿಯಬೇಕು, ಆಗ ರೈಫಲ್ ಮೇಲೆ ಬಂದು ಕಣ್ಣನ್ನು ತಾನೇ ಹುಡುಕಿಕೊಳ್ಳುತ್ತದೆ. ನಿಮ್ಮ ಕ್ಲಬ್‌ನಲ್ಲಿ ನಿಂತು ಹೊಡೆಯುವ ಉದ್ದ ಕುತ್ತಿಗೆಯವರನ್ನು ನೋಡಿ. ಫಿಕ್ಸೆಡ್ ಸ್ಟಾಕ್ ಕೈಯಲ್ಲಿದ್ದರೆ ಬಟ್‌ನ ಅರ್ಧ ಭಾಗ ಭುಜದ ಮೇಲೆ ಗಾಳಿಯಲ್ಲಿರುತ್ತದೆ, ಕೆಳಗಿನ ತುದಿ ಮಾತ್ರ ಜಾಕೆಟ್‌ಗೆ ತಾಗಿರುತ್ತದೆ. ಆ ತುದಿ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುತ್ತದಾ? 10 ಮೀಟರ್ ಏರ್ ರೈಫಲ್‌ನ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ.

ಇನ್ನು ಆ ಮೊಣಕೈ ಪರೀಕ್ಷೆ. ಬಟ್ಟನ್ನು ಮೊಣಕೈ ಮಡಿಕೆಗೆ ಇಟ್ಟು ಬೆರಳು ಟ್ರಿಗರ್‌ಗೆ ಮುಟ್ಟಿದರೆ ಸ್ಟಾಕ್ ಸರಿ ಅಂತಾರಲ್ಲ, ದಯವಿಟ್ಟು ಅದನ್ನು ನಂಬಿ ದುಡ್ಡು ಕೊಡಬೇಡಿ. ಅದು ಮುಂಗೈ ಅಳೆಯುತ್ತದೆ. ಕುತ್ತಿಗೆಯನ್ನು, ಮುಖವನ್ನು, ತೊಟ್ಟ ಜಾಕೆಟ್ಟಿನ ದಪ್ಪವನ್ನು ಅಳೆಯುವುದಿಲ್ಲ. ತೋಳು ನೋಡಿ ರೆಡಿಮೇಡ್ ಅಂಗಿ ತಂದು ಕಾಲರ್ ಗುಂಡಿ ಹಾಕಲಾರದೆ ಒದ್ದಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಹಾಗಾದರೆ ಅಡ್ಜಸ್ಟಬಲ್ಲೇ ಅಲ್ವಾ? ಥ್ರೀ ಪೊಸಿಷನ್ ಹೊಡೆಯುವವರಿಗೆ ಹೌದು, ಮಾತೇ ಇಲ್ಲ. ಮಂಡಿಯೂರಿ, ಮಲಗಿ, ನಿಂತು, ಮೂರರಲ್ಲೂ ತಲೆ ಬೇರೆ ಬೇರೆ ಕಡೆ ಇರುತ್ತದೆ, ಬಟ್ ಪ್ಲೇಟ್ ಪ್ರತಿ ಸಲ ಜಾಗ ಬದಲಿಸಬೇಕು. ಬೆಳೆಯುವ ಮಕ್ಕಳಿಗೂ ಹೌದು. 14ರ ಹುಡುಗ 16ಕ್ಕೆ ಇನ್ನೊಬ್ಬನೇ ಆಗಿರುತ್ತಾನೆ. ಎಂಟು ಜನ ಹಂಚಿಕೊಳ್ಳುವ ಕ್ಲಬ್ ರೈಫಲ್‌ಗಂತೂ ಖಂಡಿತ ಹೌದು.

ಆದರೆ ಒಂದೇ ಭಂಗಿಯಲ್ಲಿ ಹೊಡೆಯುವ, ಬೆಳವಣಿಗೆ ನಿಂತ, ತನ್ನ ಅಳತೆ ಗೊತ್ತಿರುವ ಎತ್ತರದವರಿಗೆ ಫಿಕ್ಸೆಡ್ ಸ್ಟಾಕ್ ಬಹಳ ಒಳ್ಳೆಯದು. ಬಟ್ ಪ್ಲೇಟಿಗೂ ಸ್ಟಾಕಿಗೂ ನಡುವೆ ಕಾಲಿಂಚು, ಅರ್ಧ ಇಂಚಿನ ಸ್ಪೇಸರ್, ಅಂದರೆ ಉದ್ದ ಹೆಚ್ಚಿಸುವ ತುಂಡು, ಹಾಕಿಸಿ. ಮೇಲೆ ಕೆನ್ನೆಗೆ ಗಟ್ಟಿ ಪ್ಯಾಡ್ ಕೂರಿಸಿ. ಮುಗಿಯಿತು. ಸಡಿಲಾಗಲು ಏನೂ ಇಲ್ಲ. ಕುತ್ತಿಗೆಯೂ ಉದ್ದ ಇದ್ದರೆ ಸೈಟ್ ಕೆಳಗೆ ಎತ್ತರದ ಬ್ಲಾಕ್ ಬೇಕಾಗಬಹುದು. ಅದನ್ನು ನಿಮ್ಮ ಸ್ಪರ್ಧೆಯ ನಿಯಮ ಎಷ್ಟು ಬಿಡುತ್ತದೋ ಅಷ್ಟೇ ಏರಿಸಿ.

ಅಡ್ಜಸ್ಟಬಲ್‌ನ ಕಷ್ಟ ನಾನು ಕಣ್ಣಾರೆ ಕಂಡಿದ್ದು. ಮೊದಲನೆಯದು ಸ್ಕ್ರೂ. ಚೀಕ್ ಪೀಸ್‌ನ ಸ್ಕ್ರೂ ಕೂದಲೆಳೆಯಷ್ಟು ಸಡಿಲಾದರೂ ಕೆನ್ನೆ ಒತ್ತಿದಾಗ ಅದು ಕೆಳಗಿಳಿಯುತ್ತದೆ, ಕಣ್ಣೂ ಇಳಿಯುತ್ತದೆ. ಸ್ಪರ್ಧೆಯ ನಡುವೆ ಗೊತ್ತೇ ಆಗುವುದಿಲ್ಲ, ಗಾಳಿ ಅಂದುಕೊಳ್ಳುತ್ತೀರಿ. ಸ್ಕ್ರೂ ತಲೆಯಿಂದ ಸ್ಟಾಕ್ ತನಕ ಉಗುರು ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ತುಂಡಾಗಿದ್ದರೆ ಸ್ಕ್ರೂ ತಿರುಗಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಇನ್ನೊಂದು, ಎತ್ತರದವರು ಚೀಕ್ ಪೀಸ್ ತುಂಬ ಏರಿಸಿದರೆ ಕೆಲವು ರೈಫಲ್‌ಗಳಲ್ಲಿ ಗುಂಡು ತುಂಬಲು ಬೋಲ್ಟ್ ಹಿಂದೆ ಎಳೆದಾಗ ಅದಕ್ಕೆ ಬಡಿಯುತ್ತದೆ. ಕೊಳ್ಳುವ ಮೊದಲೇ ನಿಮ್ಮ ಎತ್ತರಕ್ಕೆ ಇಟ್ಟು ಬೋಲ್ಟ್ ಪೂರ್ತಿ ಎಳೆದು ನೋಡಿ.

ಎಲ್ಲಕ್ಕಿಂತ ದೊಡ್ಡದು ಕೈ ಸುಮ್ಮನಿರದೇ ಇರುವುದು. ಇವತ್ತು ಎರಡು ಹತ್ತು ತಪ್ಪಿತು, ಬಟ್ ಪ್ಲೇಟ್ ಸ್ವಲ್ಪ ಕೆಳಗೆ. ನಾಳೆ ಇನ್ನೊಂದು ತಪ್ಪಿತು, ಚೀಕ್ ಪೀಸ್ ಸ್ವಲ್ಪ ಮೇಲೆ. ಒಂದು ತಿಂಗಳಲ್ಲಿ ಶುರು ಮಾಡಿದ ಜಾಗವೇ ಮರೆತುಹೋಗಿರುತ್ತದೆ. ಅದಕ್ಕೇ ಮೂರನೇ ಸಾಲಿನ ಹುಡುಗಿಗೆ ನನ್ನ ಉಳಿದರ್ಧ ಉತ್ತರ: ಅಡ್ಜಸ್ಟಬಲ್ ತಗೋಮ್ಮ, ಆದರೆ ಅಳತೆ ಸಿಕ್ಕ ದಿನದಿಂದ ಅದನ್ನು ಫಿಕ್ಸೆಡ್ ಅಂತಲೇ ಬಳಸು. ಅಂಕಿ ಬರೆದಿಡು. ಒಂದು ಸಲಕ್ಕೆ ಒಂದೇ ಭಾಗ ಬದಲಿಸು. ಬದಲಿಸಿದ ಮೇಲೆ ಕಡಿಮೆ ಅಂದರೂ ನಾಲ್ಕೈದು ದಿನದ ಅಭ್ಯಾಸ ನೋಡದೆ ಮತ್ತೆ ಮುಟ್ಟಬೇಡ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಇನ್ನೂ ಮೂರು ವಿಷಯ ಇತ್ತು, ಓಡಿಸಿಬಿಡುತ್ತೇನೆ. ದೊಡ್ಡ ಕೈಯವರು ಗ್ರಿಪ್‌ನಿಂದ ಟ್ರಿಗರ್‌ಗಿರುವ ದೂರವನ್ನೂ ನೋಡಿ, ಹಿಂದೆ ಎಷ್ಟು ಸ್ಪೇಸರ್ ಹಾಕಿದರೂ ಅದು ಬದಲಾಗುವುದಿಲ್ಲ. ಟ್ರಿಗರ್ ಬ್ಲೇಡನ್ನೇ ಮುಂದೆ ಸರಿಸಬಹುದಾದ ರೈಫಲ್ ಒಳ್ಳೆಯದು. ಸ್ಕೋಪ್ ಹಾಕುವವರು ಮೊದಲು ಸ್ಟಾಕ್ ಸರಿಮಾಡಿ, ಸ್ಕೋಪ್ ಆಮೇಲೆ ಬಿಗಿಯಿರಿ. ಇನ್ನು ತೂಕ. ಏರ್ ರೈಫಲ್‌ಗೆ ಮಿತಿ 5.5 ಕಿಲೋ, ಸೇರಿಸಿದ ಪ್ರತಿ ತುಂಡೂ ಅದರಲ್ಲೇ ಲೆಕ್ಕ.

ಪ್ರಶ್ನೆಗಳನ್ನು ಇಲ್ಲಿ ಬೇಡ, ಕೆಳಗೆ ರೇಂಜ್‌ಗೆ ಬನ್ನಿ. ನಾಲ್ಕು ಟವೆಲ್, ಎರಡು ಸುರುಳಿ ಟೇಪ್, ಒಂದು ಕಟ್ಟು ಹಳೇ ಕಾರ್ಡು ತಂದಿದ್ದೇನೆ. ಬೋಲ್ಟ್ ತೆಗೆದು, ಖಾಲಿ ಇದೆ ಅಂತ ನನಗೆ ತೋರಿಸಿ, ಹೊಡೆಯುವಾಗ ಹಾಕುವ ಜಾಕೆಟ್ ಹಾಕಿಕೊಂಡೇ ಸಾಲಿನಲ್ಲಿ ನಿಲ್ಲಿ. ಎತ್ತರದವರು ಮೊದಲು.